ಸಹಾಯ ಬೇಕು: ಮೈತ್ರಿ ಧ್ಯಾನ ಮೊದಲ ಹೆಜ್ಜೆಯಲ್ಲೇ ನಿಂತಿದೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಮಸ್ಕಿಯವಳು. ಲಕ್ವ ಹೊಡೆದ ಮಾವನವರನ್ನು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಗಂಜಿ ಕುಡಿಸುವಾಗ ಅವರು ಬಾಯಿ ತೆರೆಯದಿದ್ದರೆ ರೇಗಿಬಿಡುತ್ತೇನೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಅಳುತ್ತೇನೆ.

ನಾಲ್ಕು ತಿಂಗಳಿಂದ ಬೌದ್ಧರ ಮೈತ್ರಿ ಧ್ಯಾನ ಮಾಡುತ್ತಿದ್ದೇನೆ. ಮೊದಲು ನಮಗೆ, ಆಮೇಲೆ ಪ್ರೀತಿಯವರಿಗೆ, ಅಷ್ಟಾಗಿ ಪರಿಚಯ ಇಲ್ಲದವರಿಗೆ, ಕೊನೆಗೆ ಕಷ್ಟ ಕೊಟ್ಟವರಿಗೆ ಒಳ್ಳೆಯದು ಬಯಸಬೇಕು ಅಲ್ವಾ? ಮಾವನವರಿಗೆ ಬಯಸುವುದು ಸುಲಭ. ‘ನಾನು ಸುಖವಾಗಿರಲಿ’ ಅನ್ನುವಾಗಲೇ ಗಂಟಲು ಕಟ್ಟುತ್ತದೆ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಹೇಳುವಂತೆ, ನೊಂದ ಗೆಳತಿಗೆ ಆಡುವ ಮಾತನ್ನೇ ನನಗೂ ಹೇಳಿಕೊಂಡು ನೋಡಿದೆ. ಎದೆ ಮೇಲೆ ಕೈ ಇಟ್ಟು ನಿಧಾನ ಉಸಿರಾಡಿದರೆ ಸ್ವಲ್ಪ ಹಗುರ. ಆದರೆ ಸಿಟ್ಟು ಬಂದ ಗಳಿಗೆಯಲ್ಲಿ ಇದೆಲ್ಲ ನೆನಪಿಗೇ ಬರುವುದಿಲ್ಲ.

ಪ್ರೀತಿಯವರಿಂದ ಶುರು ಮಾಡಿ, ನನ್ನನ್ನು ಆಮೇಲೆ ಸೇರಿಸಿಕೊಳ್ಳಬಹುದೇ? ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಯಾರಾದರೂ ಹೀಗೆ ಮಾಡಿದ್ದೀರಾ? ಕನ್ನಡದ ಆಡಿಯೊ ಇದ್ದರೂ ತಿಳಿಸಿ. ಬೌದ್ಧ ಮಠಗಳಿರುವ ಬೈಲಕುಪ್ಪೆ ನಮಗೆ ತುಂಬಾ ದೂರ. ಸಿಂಧನೂರು, ಲಿಂಗಸುಗೂರು ಕಡೆ ಒಟ್ಟಿಗೆ ಕೂರುವವರಿದ್ದರೆ ಬರುತ್ತೇನೆ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮೂರಲ್ಲೇ. ಆ ಶಾಸನವಿರುವ ಗುಡ್ಡದ ಹತ್ತಿರ ಬೆಳಿಗ್ಗೆ ಹತ್ತು ನಿಮಿಷ ಜೊತೆಗೆ ಕೂರಲು ಒಬ್ಬರು ಸಿಕ್ಕರೂ ಸಾಕು. ಮಧ್ಯಾಹ್ನ ಮಾವನವರು ಮಲಗಿದಾಗ ಉತ್ತರ ನೋಡುತ್ತೇನೆ.