ಇಜಿಆರ್ ವಾಲ್ ‘ಜಾಮ್’ ಅಂದರೆ ತೆರೆದೋ, ಮುಚ್ಚಿಯೋ?

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಒಂದು ಲಾರಿ ಗ್ಯಾರೇಜಿನ ಹುಡುಗರಿಗೆ ಗೋಡೆ ಮೇಲೆ ಅಂಟಿಸುವಂಥ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಡೀಸೆಲ್ ಲಾರಿಯ ಇಜಿಆರ್ ವಾಲ್ ಕೆಟ್ಟಿದೆಯಾ ಇಲ್ಲವಾ, ಕೆಟ್ಟಿದ್ದರೆ ಹೇಗೆ ಕೆಟ್ಟಿದೆ ಅಂತ ಕಂಡುಹಿಡಿಯುವ ಹಾಳೆ. ಇದಕ್ಕೆ ‘ನಿಷ್ಕಾಸ ಅನಿಲ ಮರುಪರಿಚಲನಾ ಕವಾಟ’ ಅಂತೆಲ್ಲ ಬರೆಯುವ ಆಸೆ ನನಗಿಲ್ಲ. ಇಜಿಆರ್ ವಾಲ್ ಅಂದರೆ ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ನನ್ನ ತಕರಾರು ಇರುವುದು ‘ಜಾಮ್’ ಅನ್ನುವ ಮಾತಿನ ಮೇಲೆ.

ವಾಲ್ ಮಾಡುವ ಕೆಲಸ ಇಷ್ಟೇ. ಸೈಲೆನ್ಸರ್ ಕಡೆ ಹೊರಟ ಸುಟ್ಟ ಗಾಳಿಯಲ್ಲಿ ಸ್ವಲ್ಪವನ್ನು ತಿರುಗಿ ಎಂಜಿನ್ನಿಗೆ ಬಿಡುತ್ತದೆ. ಆಗ ಒಳಗೆ ಆಮ್ಲಜನಕ ಕಡಿಮೆಯಾಗಿ ಉರಿಯ ಬಿಸಿ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಅನ್ನುವ ಕೆಟ್ಟ ಅನಿಲ ಹುಟ್ಟುವುದೂ ಕಡಿಮೆಯಾಗುತ್ತದೆ. ಎಂಜಿನ್ ಮೇಲೆ ಪೂರ್ತಿ ಭಾರ ಬಿದ್ದಾಗ ಅದಕ್ಕೆ ಒಳ್ಳೆ ಗಾಳಿಯೇ ಬೇಕು, ಹಾಗಾಗಿ ಆ ಹೊತ್ತಿಗೆ ವಾಲ್ ಸಾಮಾನ್ಯವಾಗಿ ಮುಚ್ಚಿಕೊಳ್ಳಬೇಕು.

ಈಗ ‘ವಾಲ್ ಜಾಮ್ ಆಗಿದೆ’ ಅಂದರೆ ಏನು ಅರ್ಥ ಮಾಡಿಕೊಳ್ಳಬೇಕು? ತೆರೆದೇ ನಿಂತುಬಿಟ್ಟರೆ ಸಂಪಾಜೆಯಿಂದ ಲೋಡ್ ಹಾಕಿಕೊಂಡು ಘಾಟಿ ಹತ್ತುವ ಲಾರಿ ಎಳೆಯುವುದೇ ಇಲ್ಲ, ಹಿಂದಿನಿಂದ ಕಪ್ಪು ಹೊಗೆ, ನಿಲ್ಲಿಸಿದರೆ ಐಡಲಿನಲ್ಲಿ ನಡುಗುತ್ತದೆ, ಕೆಲವು ಸಲ ಆಫ್ ಆಗುತ್ತದೆ. ಮುಚ್ಚಿಯೇ ನಿಂತರೆ ಡ್ರೈವರ್‌ಗೆ ಏನೂ ಗೊತ್ತಾಗದೆ ಹೋಗಬಹುದು, ಗಾಡಿ ಚೆನ್ನಾಗೇ ಎಳೆಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಮಾತ್ರ ಹತ್ತುತ್ತದೆ. ಎರಡೂ ‘ಜಾಮ್’. ಆದರೆ ಒಂದಕ್ಕೊಂದು ತದ್ವಿರುದ್ಧ ಅಲ್ವಾ? ಫೋನಿನಲ್ಲಿ ‘ವಾಲ್ ಜಾಮ್ ಅಣ್ಣಾ’ ಅಂದರೆ ಆ ಕಡೆ ಕೂತ ಮೇಸ್ತ್ರಿ ಏನು ಹೇಳಬೇಕು?

ಬೋಲ್ಟ್ ಕಚ್ಚಿಕೊಂಡಿದೆ, ಬ್ರೇಕ್ ಕಚ್ಚಿಕೊಂಡಿದೆ ಅಂತ ಗ್ಯಾರೇಜಿನಲ್ಲಿ ದಿನಾ ಹೇಳುತ್ತೇವೆ. ಅದನ್ನೇ ಹಿಡಿದು ‘ತೆರೆದು ಕಚ್ಚಿಕೊಂಡಿದೆ’, ‘ಮುಚ್ಚಿ ಕಚ್ಚಿಕೊಂಡಿದೆ’ ಅಂತ ಬರೆದಿದ್ದೇನೆ. ಇದು ಸರಿ ಕಾಣುತ್ತದಾ? ಮೂರನೆಯದಕ್ಕೆ ಮಾತ್ರ ಸರಿಯಾದ ಪದ ಸಿಕ್ಕಿಲ್ಲ. ವಾಲ್ ಪೂರ್ತಿ ಕಚ್ಚಿರುವುದಿಲ್ಲ, ಕಾರ್ಬನ್ ಕಟ್ಟಿ ತಡವಾಗಿ ಏಳುತ್ತದೆ (ಅಂದರೆ ತೆರೆಯುತ್ತದೆ), ತಡವಾಗಿ ಕೂರುತ್ತದೆ (ಮುಚ್ಚುತ್ತದೆ), ಬಿಸಿಯಾದಾಗ ಒಂಥರಾ, ತಣ್ಣಗಿದ್ದಾಗ ಇನ್ನೊಂಥರಾ. ‘ತಡವರಿಸುತ್ತದೆ’ ಅನ್ನೋಣ ಅಂದುಕೊಂಡೆ, ಆದರೆ ಅದು ಮಾತಾಡುವ ಮನುಷ್ಯನಿಗೆ ಹೇಳುವ ಮಾತು ಅನ್ನಿಸುತ್ತದೆ.

ಈ ಮೂರನೆಯದು ಸಿಕ್ಕಿಬೀಳುವುದೇ ಸ್ಕ್ಯಾನರ್‌ನಲ್ಲಿ, ಅಂದರೆ ಗಾಡಿಯ ಕಂಪ್ಯೂಟರ್ ಏನು ಹೇಳುತ್ತಿದೆ ಅಂತ ಓದುವ ಯಂತ್ರದಲ್ಲಿ. ಎಂಜಿನ್ನಿನ ಕಂಪ್ಯೂಟರ್ ವಾಲ್‌ಗೆ ಇಷ್ಟು ತೆರೆ ಅನ್ನುತ್ತದೆ, ವಾಲ್ ಒಳಗಿನ ಸೆನ್ಸರ್ ಇಷ್ಟು ತೆರೆದೆ ಅಂತ ತಿರುಗಿ ಹೇಳುತ್ತದೆ. ಶೇಕಡಾ 40 ಕೇಳಿ 38 ಬಂದರೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ, 40 ಕೇಳಿದಾಗ 12ರಲ್ಲೇ ನಿಂತರೆ ವಾಲ್ ಬಿಚ್ಚಿ ನೋಡಬೇಕು. ಅದಕ್ಕೂ ಮುಂಚೆ ವೈರಿಂಗ್, ಕನೆಕ್ಟರ್ ನೋಡಬೇಕು, ಎಷ್ಟೋ ಸಲ ಸೆನ್ಸರಿಗೆ ಹೋಗುವ 5 ವೋಲ್ಟೇ ಬಂದಿರುವುದಿಲ್ಲ, ಸುಮ್ನೆ ವಾಲ್ ಬದಲಾಯಿಸಿದವರ ದುಡ್ಡು ದಂಡ. ಈ ಎರಡು ಅಂಕಿಗಳಿಗೆ ‘ಅಪೇಕ್ಷಿತ ಸ್ಥಾನ’, ‘ವಾಸ್ತವ ಸ್ಥಾನ’ ಅಂತ ಬರೆದರೆ ಹುಡುಗರು ಹಾಳೆ ಕಡೆ ತಿರುಗಿಯೂ ನೋಡುವುದಿಲ್ಲ. ‘ಕೇಳಿದ್ದು’, ‘ಆದದ್ದು’ ಅಂತ ಹಾಕಿದ್ದೇನೆ. ಇದನ್ನು ಬದಲಾಯಿಸಿ ಅಂತ ಯಾರು ಹೇಳಿದರೂ ಕೇಳುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಇನ್ನು ಕಾರ್ಬನ್. ಇದನ್ನು ಮಸಿ ಅಂದರೆ ಒಣ ಮಸಿ ಅಂತಲೇ ಮನಸ್ಸಿಗೆ ಬರುತ್ತದೆ. ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒಳಗೆ ಮಸಿಯ ಜೊತೆ ಎಂಜಿನ್ ಆಯಿಲಿನ ಆವಿ ಸೇರಿ ಗಾಡಿ ಚಕ್ರದ ಕೀಲೆಣ್ಣೆ ಥರ ಅಂಟಂಟಾಗಿ ಗೋಡೆಗೆ ಮೆತ್ತಿರುತ್ತದೆ, ಬೆರಳು ಹಾಕಿದರೆ ಸೋಪಿಗೂ ಹೋಗುವುದಿಲ್ಲ. ತೋಟದ ರಸ್ತೆಯಲ್ಲಿ ನಿಧಾನ ಓಡಾಟ, ಕಾಫಿ ಮೂಟೆ ತುಂಬುವಾಗ ಎಂಜಿನ್ ಆಫ್ ಮಾಡದೆ ನಿಲ್ಲಿಸುವುದು, ಇಂಥ ಗಾಡಿಗಳಲ್ಲಿ ಇದು ಬೇಗ ಕಟ್ಟುತ್ತದೆ. ಒಣಗಿದ್ದಕ್ಕೆ ‘ಮಸಿ’, ಅಂಟಿದ್ದಕ್ಕೆ ‘ಜಿಡ್ಡು’ ಅಂತ ಬೇರೆ ಮಾಡಿದ್ದೇನೆ. ನಿಮ್ಮ ಕಡೆ ಬೇರೆ ಪದ ಇದೆಯಾ?

ಕೊನೆಗೆ ಬಿಳಿ ಹೊಗೆ. ತಿರುಗಿ ಬರುವ ಸುಟ್ಟ ಗಾಳಿಯನ್ನು ಕೂಲಂಟ್‌ನಿಂದ (ಎಂಜಿನ್ ತಣ್ಣಗಿಡುವ ನೀರು) ತಣ್ಣಗೆ ಮಾಡುವ ಇಜಿಆರ್ ಕೂಲರ್ ಒಳಗೆ ಸೋರಿದರೆ ಕೂಲಂಟ್ ಎಂಜಿನ್ನಿಗೆ ಹೋಗಿ ಬಿಳಿ ಹೊಗೆ ಬರುತ್ತದೆ, ಹೊರಗೆ ಒಂದು ಹನಿ ಬೀಳದಿದ್ದರೂ ಟ್ಯಾಂಕಿಯಲ್ಲಿ ಕೂಲಂಟ್ ಇಳಿಯುತ್ತಾ ಹೋಗುತ್ತದೆ. ಆದರೆ ಮಳೆಗಾಲದ ಬೆಳಿಗ್ಗೆ ಮಡಿಕೇರಿಯಲ್ಲಿ ಯಾವ ಲಾರಿ ಸ್ಟಾರ್ಟ್ ಮಾಡಿದರೂ ಬಿಳಿಯಾಗೇ ಬರುತ್ತದೆ, ಅದು ಬರೀ ನೀರಾವಿ. ಹಾಳೆಯಲ್ಲಿ ‘ಬಿಳಿ ಹೊಗೆ’ ಅಂತಷ್ಟೇ ಹಾಕಿದರೆ ಊರಿನ ಎಲ್ಲ ಕೂಲರ್ ಬಿಚ್ಚುತ್ತಾರೆ. ಸದ್ಯಕ್ಕೆ ‘ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ’ ಅಂತ ಉದ್ದ ಬರೆದಿದ್ದೇನೆ. ಚಿಕ್ಕದಾಗಿ ಹೇಳುವ ದಾರಿ ಇದ್ದರೆ ತಿಳಿಸಿ. ತಡವಾಗಿ ಏಳುವ ವಾಲ್‌ಗೂ ಒಂದು ಪದ ಬೇಕು. ಹಾಸನ, ಪುತ್ತೂರು ಕಡೆ ಗ್ಯಾರೇಜಿನವರು ಅದಕ್ಕೆ ಏನನ್ನುತ್ತಾರೆ?