ಮ್ಯಾನಿಫೋಲ್ಡ್ ಬಿಸಿ ಇರಬೇಕು, ಕಾರ್ಬೊರೇಟರ್ ತಣ್ಣಗಿರಬೇಕು

ಮಗಾ, ನಿನ್ನ ಮೆಸೇಜ್ ಈಗ ನೋಡಿದೆ. ಇದು ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡ್ಕೊಂಡು ಕೂತು ಓದು. ಮಡಿಕೇರಿ ಚಳಿಗೆ ಅಪ್ಪನ ಹಳೇ ಮಾರುತಿ 800 ಬೆಳಿಗ್ಗೆ ಮೂರು ಕಿಲೋಮೀಟರ್‌ವರೆಗೂ ಜರ್ಕ್ ಹೊಡೆಯುತ್ತದೆ, ಚೋಕ್ (ಎಳೆದರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಜಾಸ್ತಿಯಾಗುವ ನಾಬ್) ಒಳಗೆ ತಳ್ಳಿದರೆ ಆಫ್ ಆಗುತ್ತದೆ, ಮೈಲೇಜೂ ಬಿದ್ದಿದೆ ಅಂದೆ. ಗ್ರೂಪಲ್ಲಿ ಎಲ್ಲರೂ ಕಾರ್ಬೊರೇಟರ್ ಬದಲಾಯಿಸು ಅಂತಿದ್ದಾರೆ. ಬೇಡ. ಹೋದ ವರ್ಷ ಘಾಟಿಯಲ್ಲಿ ಬಿಸಿಯಾಯ್ತು ಅಂತ ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು) ಕಿತ್ತುಹಾಕಿದ ಅಂದಿದ್ದೆ ಅಲ್ವಾ, ನನ್ನ ಅನುಮಾನ ಅದರ ಮೇಲೇ.

ಕಾರ್ಬೊರೇಟರ್ ಮಾಡೋದು ಇಷ್ಟೇ, ಪೆಟ್ರೋಲನ್ನು ಸಣ್ಣ ಹನಿ ಮಾಡಿ ಗಾಳಿಗೆ ಬಿಡುತ್ತದೆ. ಆ ಹನಿ ಪೂರ್ತಿ ಆವಿಯಾಗಬೇಕಾದರೆ ಕೆಳಗಿನ ಮ್ಯಾನಿಫೋಲ್ಡ್, ಅಂದರೆ ಆ ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆ, ಬೆಚ್ಚಗಿರಬೇಕು. ತಣ್ಣಗಿದ್ದರೆ ಹನಿ ಗೋಡೆಗೆ ಅಂಟಿ ನೀರಿನ ಹಾಗೆ ಹರಿಯುತ್ತದೆ, ಒಂದು ಸಿಲಿಂಡರ್‌ಗೆ ಜಾಸ್ತಿ ಹೋಗುತ್ತದೆ, ಇನ್ನೊಂದಕ್ಕೆ ಕಮ್ಮಿ. ನಿನ್ನ ಜರ್ಕ್ ಅದೇ. ಸಾಲದ್ದಕ್ಕೆ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಬಿಸಿಯನ್ನೂ ಹೀರುತ್ತದೆ, ಸ್ಯಾನಿಟೈಸರ್ ಹಚ್ಚಿದರೆ ಕೈ ತಣ್ಣಗಾಗುವುದಿಲ್ವಾ, ಹಾಗೆ. ಮಂಜು ಕವಿದ ಬೆಳಿಗ್ಗೆ ಹೊರಗೆ 10 ಡಿಗ್ರಿ ಇದ್ದರೂ ಕಾರ್ಬೊರೇಟರ್ ಒಳಗೆ ಐಸ್ ಕಟ್ಟಬಹುದು.

ಅದಕ್ಕೇ 800ರಲ್ಲಿ ಎಂಜಿನ್ನಿನ ಬಿಸಿನೀರು ಮ್ಯಾನಿಫೋಲ್ಡನ್ನೂ ಸುತ್ತಿ ಬರುವ ಹಾಗೆ ಮಾಡಿದ್ದಾರೆ. ನಿಮ್ಮಜ್ಜನ ಅಂಬಾಸಡರ್‌ನಲ್ಲಿ ನೀರಿಲ್ಲ, ಹೊಗೆ ಹೋಗುವ ಮ್ಯಾನಿಫೋಲ್ಡೇ ಈ ಪೆಟ್ರೋಲ್ ಹೋಗುವ ಮ್ಯಾನಿಫೋಲ್ಡಿಗೆ ತಾಗಿಕೊಂಡು ಬಿಸಿ ಕೊಡುತ್ತಿತ್ತು. ಈಗ ವಾಲ್ವ್ ಇಲ್ಲದಿದ್ದರೆ ನೀರು ಶುರುವಿನಿಂದಲೇ ರೇಡಿಯೇಟರ್‌ಗೆ ಓಡುತ್ತದೆ, 80 ಡಿಗ್ರಿ ಆಸುಪಾಸು ಬರಬೇಕಾದ ಬಿಸಿ ಆ ಚಳಿಯಲ್ಲಿ ಬರುವುದೇ ಇಲ್ಲ, ನೀನು ಚೋಕ್ ಎಳೆದುಕೊಂಡೇ ಓಡಿಸುತ್ತೀಯ, ಮೈಲೇಜ್ ಎಲ್ಲಿಂದ ಬರಬೇಕು? ಘಾಟಿಯಲ್ಲಿ ಬಿಸಿಯಾಗಿದ್ದು ರೇಡಿಯೇಟರ್ ಕಟ್ಟಿಕೊಂಡೋ ಫ್ಯಾನ್ ಸ್ವಿಚ್ ಹೋಗಿಯೋ ಇರಬೇಕು, ಪಾಪ ವಾಲ್ವ್ ಏನು ಮಾಡಿತ್ತು.

ಹಾಗಂತ ಬಿಸಿ ಮಿತಿಮೀರಿದರೂ ಕಷ್ಟ. ಗಾಳಿ ತೆಳುವಾಗಿ ಪಿಕಪ್ ಬೀಳುತ್ತದೆ. ಸಂಪಾಜೆ ಘಾಟಿ ಹತ್ತಿ ಟೀಗೆ ನಿಲ್ಲಿಸಿದರೆ ಹತ್ತು ನಿಮಿಷ ಸ್ಟಾರ್ಟೇ ಆಗಲ್ಲ ಅಂದೆಯಲ್ಲ, ಅದು ಈ ಕಥೆ. ಗಾಡಿ ನಿಂತ ಮೇಲೆ ಎಂಜಿನ್ ಬಿಸಿ ಮೇಲೆ ಹತ್ತಿ ಕಾರ್ಬೊರೇಟರ್‌ನಲ್ಲಿರುವ ಪೆಟ್ರೋಲನ್ನು ಕುದಿಸುತ್ತದೆ, ಅದು ಉಕ್ಕಿ ಮ್ಯಾನಿಫೋಲ್ಡಿಗೆ ಇಳಿಯುತ್ತದೆ, ಪೆಟ್ರೋಲ್ ಜಾಸ್ತಿಯಾಗಿ ಹತ್ತಿಕೊಳ್ಳುವುದಿಲ್ಲ. ಆಗ ಚೋಕ್ ಮುಟ್ಟಬೇಡ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡಿ, ಪಂಪ್ ಮಾಡಬೇಡ. ಕಾರ್ಬೊರೇಟರ್ ಕೆಳಗೆ ಬಿಸಿ ತಡೆಯುವ ದಪ್ಪ ಪ್ಯಾಕಿಂಗ್ ಇದೆಯಾ ಅಂತಲೂ ನೋಡು, ಬಿಚ್ಚಿದವರು ಎಷ್ಟೋ ಸಲ ಅದನ್ನು ಬಿಟ್ಟು ತೆಳು ಕಾಗದದ್ದು ಹಾಕಿರುತ್ತಾರೆ.

ನಾಳೆ ಹತ್ತು ಕಿಲೋಮೀಟರ್ ಓಡಿಸಿ ಟೆಂಪರೇಚರ್ ಮುಳ್ಳಿನ ಫೋಟೋ ಹಾಕು. ಕೆಳಗೇ ಮಲಗಿದ್ದರೆ ಮೊದಲು ವಾಲ್ವ್ ತರಿಸು.