ಅಪ್‌ಡೇಟ್: ರಾಣಿಗೆ ಲೇಸರ್ ಕೊಡಿಸಿದೆವು
ಹೋದ ತಿಂಗಳು ಕೇಳಿದ್ದೆ: 11 ವರ್ಷದ ನಮ್ಮ ಲ್ಯಾಬ್ರಡಾರ್ ನಾಯಿ ರಾಣಿಗೆ ಹಿಂಗಾಲಿನ ಕೀಲುನೋವು, ಲೇಸರ್ (ನೋವಿರುವ ಕಡೆ ಬೆಳಕು ಹಾಯಿಸುವ ಚಿಕಿತ್ಸೆ) ಕೊಡಿಸಬಹುದಾ ಅಂತ. ಧೈರ್ಯ ಹೇಳಿದವರಿಗೆಲ್ಲ ಥ್ಯಾಂಕ್ಸ್. ವಾರಕ್ಕೆ ಎರಡರಂತೆ 6 ಸಲ ಆಯಿತು.

ಮೊದಲ ದಿನ ನನಗೇ ಭಯ. ಡಾಕ್ಟರು ನಮಗೂ ಅವಳಿಗೂ ಕನ್ನಡಕ ಹಾಕಿಸಿದರು, ಆ ಬೆಳಕು ಕಣ್ಣಿಗೆ ಬೀಳಬಾರದು. ಯಂತ್ರದ ಹಿಡಿಯನ್ನು ಸೊಂಟದ ಮೇಲೆ ನಿಧಾನವಾಗಿ ಆಡಿಸುತ್ತಲೇ ಇದ್ದರು. ಒಂದೇ ಕಡೆ ನಿಲ್ಲಿಸಿದರೆ ಚರ್ಮ ಸುಡಬಹುದು. ರಾಣಿಯದು ಕಪ್ಪು ಕೂದಲು, ಬೇಗ ಬಿಸಿಯಾಗುತ್ತದೆ, ಅದಕ್ಕೇ ಇನ್ನೂ ಜಾಸ್ತಿ ಎಚ್ಚರ. ಹತ್ತೇ ನಿಮಿಷ. ಅರ್ಧದಲ್ಲೇ ಅವಳು ಗಲ್ಲವನ್ನು ನನ್ನ ಪಾದದ ಮೇಲೆ ಊರಿ ಕಣ್ಣು ಮುಚ್ಚಿದಳು.

ನಾಲ್ಕನೇ ಸಲ ಆದ ಮೇಲೆ ಮನೆ ಮುಂದಿನ ಮೂರು ಮೆಟ್ಟಿಲು ತಾನೇ ಹತ್ತಿದಳು. ಅತ್ತೇಬಿಟ್ಟೆ.

ಆದರೆ ನೋವಿನ ಮಾತ್ರೆ ನಿಲ್ಲಿಸಿಲ್ಲ, ಊಟ ಕಡಿಮೆ ಮಾಡಿ ತೂಕವನ್ನೂ ಇಳಿಸಿದ್ದೇವೆ. ಹಾಗಾಗಿ ಎಲ್ಲಾ ಲೇಸರ್‌ದೇ ಮಹಿಮೆ ಅನ್ನಲಾರೆ. ಕೀಲಿನ ಸವೆತ ಇದರಿಂದ ವಾಸಿಯಾಗಲ್ಲ, ನೋವು, ಊತ ಕಡಿಮೆಯಾಗಬಹುದು ಅಷ್ಟೆ.

ನಿಮ್ಮ ನಾಯಿಗೆ ಎಲ್ಲಾದರೂ ಗಂಟು ಇದ್ದರೆ ಮೊದಲೇ ಡಾಕ್ಟರಿಗೆ ತೋರಿಸಿ. ಕ್ಯಾನ್ಸರ್ ಗಡ್ಡೆಯ ಮೇಲೆ ಲೇಸರ್ ಹಾಯಿಸುವುದಿಲ್ಲ. ನಮಗೆ ಇನ್ನು ಹದಿನೈದು ದಿನಕ್ಕೊಮ್ಮೆ ಬನ್ನಿ ಅಂದಿದ್ದಾರೆ.